ಸೋಲಾರ್ ಪ್ಲಾಂಟ್ ಬೇಲಿ ಕೆಳಗ ದಿನಾ ರಾತ್ರಿ ಗುಂಡಿ ತೋಡಾಕತ್ತೈತಿ, ಮುಚ್ಚೂದಾ ಬಿಡೂದಾ?

ಗದಗಿನ್_ಗಾಳಿ
ನಮಸ್ಕಾರ್ರಿ ಎಲ್ಲಾರಿಗೂ. ನಾ ಎಂಟ್ ತಿಂಗಳಿಂದ ಸೌತ್ ಆಫ್ರಿಕಾದಾಗ ಅದೀನಿ, ನಾರ್ದರ್ನ್ ಕೇಪ್ ಅಂತ ಪ್ರಾಂತ್ಯ, ಅಪಿಂಗ್ಟನ್ ಊರಿಂದ ಒಂದ್ ತಾಸಿನ ದಾರಿ. ಮೊದ್ಲ ಪಾವಗಡದ ಸೋಲಾರ್ ಪಾರ್ಕಿನ್ಯಾಗ ಇದ್ದೆ, ಅಲ್ಲೆ ಬಿಸಲು ಕುಡದ್ ಕುಡದ್ ರೂಢಿ ಆಗಿತ್ತು, ಹಿಂಗಾಗಿ ಇಲ್ಲಿ ಬಿಸಲು ನನಗೇನ್ ಹೊಸಾದಲ್ಲ. ಹೊಸಾದಂದ್ರ ಈ ಗುಂಡಿ.

ನಮ್ ಪ್ಲಾಂಟಿನ ಸುತ್ತ ತಂತಿಬೇಲಿ ಐತಿ, ಆಚೆ ಕಡೆ ಕುರಿ ಫಾರ್ಮ್. ವಾರದಾಗ ಮೂರ್ ಸಲ ಬೇಲಿ ಕೆಳಗ ಯಾವ್ದೋ ಪ್ರಾಣಿ ರಾತ್ರಿ ಬಂದು ಗುಂಡಿ ತೋಡಿ ಹೊಕ್ಕು ಹೋಗತೈತಿ. ಸಣ್ಣ ಗುಂಡಿ ಅಲ್ರಿ, ನಾ ಬಗ್ಗಿ ಒಳಗ ಹೋಗಬಹುದು ಅಷ್ಟ್ ದೊಡ್ದು. ಹೋದ್ ಸೋಮವಾರ ಪೆಟ್ರೋಲಿಂಗ್ ಬಕ್ಕಿ (ಇಲ್ಲಿ ಪಿಕಪ್ ಗಾಡಿಗೆ ಬಕ್ಕಿ ಅಂತಾರ) ಮುಂದಿನ ಗಾಲಿ ಒಳರಸ್ತಾದ ಮ್ಯಾಲಿನ ಒಂದ್ ಗುಂಡಿಗೆ ಬಿತ್ತು, ಆಕ್ಸಲ್ ಹೋತು. ನಮ್ ಡ್ರೈವರ್ ಇಳದು ನೋಡಿದವನ "ಎರ್ಡ್‌ಫಾರ್ಕ್" ಅಂದ, ನಕ್ಕ, ಸಿಗರೇಟ್ ಹಚ್ಚಿದ. ಅಷ್ಟ.

ಮ್ಯಾನೇಜರ್ ಅಂತಾನ ಎಲ್ಲಾ ಗುಂಡಿಗೂ ಕಾಂಕ್ರೀಟ್ ಸುರೀರಿ ಅಂತ. ನನಗ ಯಾಕೋ ಮನಸ್ ಒಪ್ಪವಲ್ದು. ಈ ಪ್ರಾಣಿ ಬಗ್ಗೆ ಯಾರಿಗರ ಗೊತ್ತಿದ್ರ ಹೇಳ್ರಿ.

ಎರಡನೇ_ಕಾಫಿ
ಆರ್ಡ್‌ವಾರ್ಕ್!!! ಇಂಗ್ಲಿಷ್ ಡಿಕ್ಷನರಿ ತೆಗೆದ ತಕ್ಷಣ ಸಿಗೋ ಪ್ರಾಣಿ. ನಾನು ಚಿಕ್ಕವನಿದ್ದಾಗ ಡಿಕ್ಷನರಿ ಪೂರ್ತಿ ಓದ್ತೀನಿ ಅಂತ ಶಪಥ ಮಾಡಿ ಅಲ್ಲಿಗೇ ನಿಲ್ಸಿದ್ದು.

ತಲೆಹರಟೆ_ತಿಮ್ಮ
ಅದು ಇರುವೆಬಾಕ ತಾನೆ? ಉದ್ದ ಮೂತಿ, ಪೊರಕೆ ತರ ಬಾಲ. ಅಮೆಜಾನ್ ಕಾಡಲ್ಲಿರೋದು. ಆಫ್ರಿಕಾಕ್ಕೆ ಯಾವಾಗ ಶಿಫ್ಟ್ ಆಯ್ತು?

ಜೀವಶಾಸ್ತ್ರದ_ಮೇಷ್ಟ್ರು
ತಿಮ್ಮ ಅವರೇ, ಶಿಫ್ಟ್ ಆಗಿಲ್ಲ, ನೀವು ಎರಡು ಪ್ರಾಣಿನ ಕಲಸಿಬಿಟ್ರಿ. ಪೊರಕೆ ಬಾಲದ್ದು ದಕ್ಷಿಣ ಅಮೆರಿಕದ್ದು, ಅದಕ್ಕೆ ಹಲ್ಲೇ ಇಲ್ಲ. ಇದು ಆಫ್ರಿಕಾದ್ದು, ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಮಾತ್ರ ಇರೋದು, ಇದಕ್ಕೆ ಹಲ್ಲಿದೆ, ಅದೂ ಎಂಥಾ ಹಲ್ಲು ಅಂದ್ರೆ ಬೇರೆ ಯಾವ ಸಸ್ತನಿಗೂ ಇಲ್ಲದ್ದು. ಮುಂದಿನ ಬಾಚಿಹಲ್ಲು ಕೋರೆಹಲ್ಲು ಎರಡೂ ಇಲ್ಲ, ಬರೀ ಹಿಂದಿನ ದವಡೆ ಹಲ್ಲು, ಮೇಲೆ ಎನಾಮಲ್ ಇಲ್ಲ, ಬೇರಿಲ್ಲ, ಜೀವನಪೂರ್ತಿ ಬೆಳೀತಾನೇ ಇರುತ್ತೆ, ಒಂದೊಂದು ಹಲ್ಲೂ ನೂರಾರು ಸಣ್ಣ ಕೊಳವೆಗಳನ್ನ ಕಟ್ಟು ಕಟ್ಟಿದ ಹಾಗೆ. ಅದಕ್ಕೇ ಇದರ ಗಣಕ್ಕೆ ಟ್ಯೂಬುಲಿಡೆಂಟೇಟಾ ಅಂತ ಹೆಸರು, ಕೊಳವೆಹಲ್ಲಿನವು ಅಂತ. ಆ ಇಡೀ ಗಣದಲ್ಲಿ ಇವತ್ತು ಬದುಕಿರೋದು ಇದೊಂದೇ ಜಾತಿ. ಉಳಿದವರೆಲ್ಲ ಪಳೆಯುಳಿಕೆ.

ಹಿಂದೆ ವಿಜ್ಞಾನಿಗಳೂ ತಿಮ್ಮನ ತರಾನೇ ಇದನ್ನ ಇರುವೆಬಾಕದ ಜೊತೆ ಒಂದೇ ಗುಂಪಿಗೆ ಹಾಕಿದ್ರು, ಹಾಗಾಗಿ ಬೇಜಾರ್ ಮಾಡ್ಕೋಬೇಡಿ.

ತಲೆಹರಟೆ_ತಿಮ್ಮ
ಮೇಷ್ಟ್ರೆ ನಾನೂ ವಿಜ್ಞಾನಿ ಅಂತ ಒಪ್ಪಿದ್ದಕ್ಕೆ ಥ್ಯಾಂಕ್ಸ್

ಜೋಬರ್ಗ್_ಅಕ್ಕ
ಗದಗಿನವರೆ, ಕಾಂಕ್ರೀಟ್ ಮಾತ್ರ ಹಾಕಿಸಬೇಡಿ!! ಹಗಲು ಹೊತ್ತು ಅದು ಒಳಗೇ ಮಲಗಿರುತ್ತೆ. ಒಳಗಿನಿಂದ ಬಾಯಿಗೆ ಮಣ್ಣು ಅಡ್ಡ ಹಾಕ್ಕೊಂಡು, ಸ್ವಲ್ಪ ಗಾಳಿಗೆ ಸಂದಿ ಬಿಟ್ಟು ಮಲಗುತ್ತೆ, ನೋಡೋರಿಗೆ ಖಾಲಿ ಗುಂಡಿ ತರ ಕಾಣ್ಸುತ್ತೆ. ನೀವು ಸುರಿದ್ರೆ ಜೀವಂತ ಸಮಾಧಿ. ನಿಮ್ಮ ಪ್ರಾಜೆಕ್ಟಿಗೆ ಎನ್ವಿರಾನ್ಮೆಂಟ್ ಆಫೀಸರ್ ಅಂತ ಒಬ್ರು ಇರಲೇಬೇಕು, ಪರ್ಮಿಷನ್ ಕೊಡುವಾಗಲೇ ಆ ಷರತ್ತು ಹಾಕಿರ್ತಾರೆ, ಮೊದಲು ಅವರಿಗೆ ಮೇಲ್ ಹಾಕಿ. ಮ್ಯಾನೇಜರ್ ಬಾಯ್ಮಾತಲ್ಲಿ ಹೇಳಿದ್ದನ್ನ ನೀವು ಮಾಡಿ ಆಮೇಲೆ ನಿಮ್ಮ ತಲೆಗೇ ಬಂದೀತು.

ನಾನು ಇಲ್ಲಿ 14 ವರ್ಷದಿಂದ ಇದೀನಿ, ಒಂದೇ ಒಂದ್ ಸಲ ಕಣ್ಣಾರೆ ನೋಡಿರೋದು, ಅದೂ ಜುಲೈ ತಿಂಗಳ ಸಂಜೆ. ಇಲ್ಲಿ ಹುಟ್ಟಿ ಬೆಳೆದವರೇ ಎಷ್ಟೋ ಜನ ನೋಡಿಲ್ಲ. ಸಿಂಹ ನೋಡೋದು ಸುಲಭ, ಇದನ್ನ ನೋಡೋದು ಪುಣ್ಯ.

ಕುಂದಾಪ್ರದ್_ಮಾಣಿ
ಎಂತ ಮಾರಾಯ್ರೆ, ಕಾಣೂಕೆ ಹ್ಯಾಂಗಿರತ್ ಅದು? ಯಾರಾರೂ ಸಮಾ ಹೇಳಿನಿ.

ಜೋಬರ್ಗ್_ಅಕ್ಕ
ಹಂದಿ ಮೈ, ಮೊಲದ ಕಿವಿ (ಕತ್ತೆ ಕಿವಿ ಅಂದ್ರೂ ನಡೆಯುತ್ತೆ), ಕಾಂಗರೂ ಬಾಲ, ಮೂತಿ ಮಾತ್ರ ಹಂದಿದನ್ನೇ ಹಿಡಿದು ಎಳೆದ ಹಾಗೆ. ಬೆನ್ನು ಕಮಾನು. ದೇವರು ಬೇರೆ ಪ್ರಾಣಿ ಮಾಡಿ ಉಳಿದ ಸಾಮಾನಲ್ಲಿ ಶನಿವಾರ ಸಂಜೆ ಮಾಡಿದ ಹಾಗಿದೆ. ದೊಡ್ಡದು 60 ಕೆಜಿ ಮೇಲೆ ತೂಗುತ್ತೆ, ಅಂದ್ರೆ ನನ್ನಷ್ಟು, ಸರಿಯಾಗಿ ಹೇಳ್ಬೇಕಂದ್ರೆ ಮದುವೆ ಟೈಮಲ್ಲಿ ನಾನಿದ್ದಷ್ಟು.

ಮಲ್ನಾಡ್_ಮಳೆ
ನನಗೆ ಈ ಹೆಸರಿನ ವಿಷಯ ತುಂಬಾ ಇಷ್ಟ ಆಯ್ತು. ಎರ್ಡ್‌ಫಾರ್ಕ್ ಅಂದ್ರೆ ಆಫ್ರಿಕಾನ್ಸ್ ಅನ್ನೋ ಅಲ್ಲಿನ ಭಾಷೇಲಿ ಮಣ್ಣುಹಂದಿ, ಹಳೇ ಕಾಲದ ಸ್ಪೆಲಿಂಗ್ ಆರ್ಡ್‌ವಾರ್ಕ್ ಇಂಗ್ಲಿಷಿಗೆ ಹೋಗಿ ಅಲ್ಲೇ ಉಳ್ಕೊಂಡಿದೆ. ಆದ್ರೆ ಹಂದಿಗೂ ಇದಕ್ಕೂ ಸಂಬಂಧ ಇಲ್ಲ. ನಮ್ಮಲ್ಲೂ ನೋಡಿ, ಮುಳ್ಳುಹಂದಿ ಹಂದಿ ಅಲ್ಲ, ಇಲಿ ಜಾತಿ, ಚಿಪ್ಪುಹಂದಿ ಹಂದಿ ಅಲ್ಲ. ತಮಾಷೆ ಅಂದ್ರೆ ಆಫ್ರಿಕಾನ್ಸಲ್ಲಿ ಮುಳ್ಳುಹಂದಿಗೂ ಹಂದಿ ಅಂತಾನೇ, ಈಸ್ಟರ್‌ಫಾರ್ಕ್, ಕಬ್ಬಿಣಹಂದಿ! ಎಲ್ಲಿಯ ಮಲೆನಾಡು ಎಲ್ಲಿಯ ಸೌತ್ ಆಫ್ರಿಕಾದ ಕಾರೂ ಬಯಲು, ಮನುಷ್ಯನಿಗೆ ದುಂಡಗೆ ಏನು ಕಂಡ್ರೂ ಹಂದಿ.

ಕನ್ನಡದಲ್ಲಿ ಇದಕ್ಕೆ ಮಣ್ಣುಹಂದಿ ಅಂತಾನೇ ಕರೆಯೋಣ. ಏನಂತೀರಿ?

ಎರಡನೇ_ಕಾಫಿ
ನೆಲಹಂದಿ ಚೆನ್ನಾಗಿದೆ.

ತಲೆಹರಟೆ_ತಿಮ್ಮ
ಗುಂಡಿರಾಯ

ಜೀವಶಾಸ್ತ್ರದ_ಮೇಷ್ಟ್ರು
ಸೇರಿಸ್ತೀನಿ: ಹಂದಿಗಿಂತ ಇದು ಆನೆಗೆ ಹತ್ತಿರ.

ಕುಂದಾಪ್ರದ್_ಮಾಣಿ
ಬೊಗಳೆ ಬಿಡಬೇಡಿ ಮೇಷ್ಟ್ರೆ

ಜೀವಶಾಸ್ತ್ರದ_ಮೇಷ್ಟ್ರು
ಬೊಗಳೆ ಅಲ್ಲ. ಡಿಎನ್‌ಎ ನೋಡಿ ಆಫ್ರೋಥೀರಿಯಾ ಅಂತ ಒಂದು ದೊಡ್ಡ ಮನೆತನ ಗುರುತಿಸಿದಾರೆ, ಆಫ್ರಿಕಾ ಖಂಡ ಬೇರೆಯಾಗಿದ್ದಾಗ ಅಲ್ಲೇ ಹುಟ್ಟಿ ಕವಲೊಡೆದವು. ಆನೆ, ನೀರಿನ ಮ್ಯಾನಟಿ, ಬಂಡೆ ಮೇಲೆ ಕೂರೋ ಹೈರಾಕ್ಸ್, ಟೆನ್ರೆಕ್, ಬಂಗಾರದ ಮೋಲ್, ಸೆಂಗಿ ಅನ್ನೋ ಉದ್ದಮೂತಿ ಪುಟಾಣಿ, ಎಲ್ಲ ಅದೇ ಮನೆಯವು. ಅದರಲ್ಲೂ ಮಣ್ಣುಹಂದಿಗೆ ತೀರಾ ಹತ್ತಿರದವು ಸೆಂಗಿ, ಟೆನ್ರೆಕ್, ಬಂಗಾರದ ಮೋಲ್. ಆನೆ ದೊಡ್ಡಪ್ಪನ ಕಡೆ. ಹಂದಿಯೋ, ಬೇರೆ ಬೀದಿ.

ಹೊಸಪೇಟೆ_ಹುಡ್ಗ
ನಮ್ ಕಡೆ ಈ ಕೆಲ್ಸ ಕರಡಿ ಮಾಡ್ತತಿ ನೋಡ್ರಿ. ದರೋಜಿ ಕರಡಿಧಾಮಕ್ಕ ಬಂದ್ರ ತಿಳೀತತಿ, ಹುತ್ತ ಒಡದು ಮೂತಿ ಇಟ್ಟು ಸುರ್ರ್ ಅಂತ ಎಳಿತಾವು, ಪಕ್ಕದ ಗುಡ್ಡಕ್ಕ ಕೇಳಸ್ತತಿ. ಕರಡಿಗೆ ಮ್ಯಾಲಿನ ನಡುವಿನ ಎರಡ್ ಹಲ್ಲು ಇರಂಗಿಲ್ಲ, ಆ ಸಂದ್ಯಾಗಿಂದ ಗೆದ್ದಲು ಎಳಕೊಳ್ಳಾಕ. ಒಂದೊಂದು ದೇಶದಾಗ ಒಂದೊಂದು ಪ್ರಾಣಿ ಗೆದ್ದಲಿನ ಗುತ್ತಿಗಿ ಹಿಡದಾವ.

ಗದಗಿನ್_ಗಾಳಿ
ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರಿ. ಎನ್ವಿರಾನ್ಮೆಂಟ್ ಆಫೀಸರಮ್ಮಗ ಮೇಲ್ ಹಾಕೇನಿ. ಕಾಂಕ್ರೀಟ್ ಸದ್ಯಕ್ಕ ನಿಂತೈತಿ. ಮ್ಯಾನೇಜರ್ ಮುಖ ಹುಳಿ ಮಜ್ಜಿಗಿ ಆಗೈತಿ.

ಇನ್ನೊಂದ್ ಡೌಟು. ನಿನ್ನೆ ರಾತ್ರಿ ಒಂದೂವರೆಗೆ ಗಾಡಿ ಲೈಟಿನ್ಯಾಗ ಒಂದ್ ಪ್ರಾಣಿ ಕಂಡಿತು, ನಾಯಿ ಸೈಜು, ಮೈಮ್ಯಾಲೆ ಕಪ್ಪ್ ಪಟ್ಟಿ, ಬೆನ್ನ ಮ್ಯಾಲೆ ಕೂದಲ ನಿಗರಿಸಿಕೊಂಡು ನಿಂತಿತ್ತು. ಗುಂಡಿ ಬಾಜೂಕ. ಇದೇ ಏನು ಮಣ್ಣುಹಂದಿ?

ವಿಂಡ್‌ಹುಕ್_ವಾಸಿ
ಅಲ್ಲ ಸ್ವಾಮಿ, ಅದು ಆರ್ಡ್‌ವುಲ್ಫ್, ಮಣ್ಣುತೋಳ. ಹೆಸರಲ್ಲಿ ತೋಳ, ಜಾತಿಯಲ್ಲಿ ಕತ್ತೆಕಿರುಬ. ಕತ್ತೆಕಿರುಬದ ವಂಶದಲ್ಲಿ ಹುಟ್ಟಿ ಗೆದ್ದಲು ತಿನ್ನೋ ಸನ್ಯಾಸಿ ಅದು. ಒಂದು ಜಾತಿ ಗೆದ್ದಲು ರಾತ್ರಿ ಹುಲ್ಲು ಕತ್ತರಿಸೋಕೆ ಹೊರಗೆ ಬರುತ್ತೆ, ಅವನ್ನ ನೆಲದ ಮೇಲೇ ನೆಕ್ಕಿ ತಿನ್ನುತ್ತೆ, ಒಂದು ರಾತ್ರಿಗೆ ಎರಡು ಮೂರು ಲಕ್ಷ. ಅಗೆಯೋ ಶಕ್ತಿ ಅದಕ್ಕೆ ಕಮ್ಮಿ, ಅದಕ್ಕೇ ಹೆಚ್ಚಾಗಿ ಬೇರೆಯವರು ತೋಡಿದ ಬಿಲದಲ್ಲಿ ಸಂಸಾರ. ನಿಮ್ಮ ಗುಂಡಿ ಪಕ್ಕ ನಿಂತಿತ್ತು ಅಂದ್ರೆ ಬಾಡಿಗೆ ಮನೆ ನೋಡೋಕೆ ಬಂದಿರ್ಬೇಕು.

ನಾನು ನಮೀಬಿಯಾದಲ್ಲಿ ಆರು ವರ್ಷದಿಂದ ಬೋರ್‌ವೆಲ್ ಪಂಪ್ ಬಿಸಿನೆಸ್ ಮಾಡ್ತಾ ಫಾರ್ಮ್ ಫಾರ್ಮ್ ತಿರುಗ್ತೀನಿ, ಹಾಗಾಗಿ ಇವೆಲ್ಲ ಕಾಣ್ಸುತ್ತೆ. ಒಂದು ಎಚ್ಚರಿಕೆ: ಹಗಲಲ್ಲಿ ಬಿಲದ ಬಾಯಿ ಎದುರು ನಿಂತು ಬಗ್ಗಿ ಇಣುಕಬೇಡಿ. ಒಳಗಿರೋದು ವಾರ್ಟ್‌ಹಾಗ್ ಅನ್ನೋ ಇಲ್ಲಿನ ಕಾಡುಹಂದಿ ಆಗಿರಬಹುದು. ಅದು ಬಿಲಕ್ಕೆ ಹಿಂದುಹಿಂದಕ್ಕೆ ಹೋಗಿ ಕೂರುತ್ತೆ, ಕೋರೆ ಬಾಗಿಲ ಕಡೆಗೆ, ಹೊರಗೆ ಬಂದ್ರೆ ಬುಲೆಟ್ ತರ. ನನ್ನ ಹೆಲ್ಪರ್ ಹುಡುಗ ಒಬ್ಬ ಹೀಗೇ ಇಣುಕಿ ತೊಡೆಗೆ ಹನ್ನೊಂದು ಹೊಲಿಗೆ ಹಾಕಿಸ್ಕೊಂಡ.

ಗದಗಿನ್_ಗಾಳಿ
ಅಯ್ಯ ಶಿವನ. ನಾ ನಿನ್ನೆ ಟಾರ್ಚ್ ಹಿಡಕೊಂಡ್ ಅರ್ಧ ಮೈ ಒಳಗ ಹಾಕಿದ್ದೆ.

ತಲೆಹರಟೆ_ತಿಮ್ಮ
ಇನ್ನರ್ಧ ಗದಗಿಗೆ ಪಾರ್ಸೆಲ್ ಬರ್ತಿತ್ತು

ಎರಡನೇ_ಕಾಫಿ
ಒಂದು ಕಡೆ ಓದಿದೆ, ಮಣ್ಣುಹಂದಿ ಒಂದು ರಾತ್ರೀಲಿ 50,000 ಇರುವೆ ತಿನ್ನುತ್ತಂತೆ. ನಂಬೋ ಮಾತಾ? ಎಂಟು ಗಂಟೆ ಅಂದ್ರೆ 480 ನಿಮಿಷ, ನಿಮಿಷಕ್ಕೆ ನೂರಕ್ಕಿಂತ ಜಾಸ್ತಿ. ಯಾರು ಎಣಿಸಿದ್ದು?

ವಿಂಡ್‌ಹುಕ್_ವಾಸಿ
ನಾಲಿಗೆ ಒಂದಡಿ ಉದ್ದ, ಅಂಟು ಅಂಟು. ನೀವು ಚಿತ್ರಾನ್ನದಲ್ಲಿ ಕಡ್ಲೆಬೀಜ ಹೆಕ್ಕಿ ತಿಂದ ಹಾಗೆ ಒಂದೊಂದೇ ಹೆಕ್ಕುತ್ತೆ ಅಂದ್ಕೊಂಡ್ರಾ? ಒಂದು ಸಲ ಚಾಚಿದ್ರೆ ಎಷ್ಟು ಅಂಟುತ್ತೋ ಅಷ್ಟು ಹೊಟ್ಟೆಗೆ. ಸರಿಯಾಗಿ ಅಗಿಯೋದೂ ಇಲ್ಲ, ಹೊಟ್ಟೆಯ ಕೊನೆ ಭಾಗ ಗಟ್ಟಿ ಮಾಂಸದ ಚೀಲ, ಕೋಳಿಗೆ ಇರೋ ತರ, ಅಲ್ಲೇ ಅರೆಯುತ್ತೆ.

ಮತ್ತೆ ಒಂದೇ ಗೂಡನ್ನ ಪೂರ್ತಿ ಖಾಲಿ ಮಾಡಲ್ಲ. ಸ್ವಲ್ಪ ಅಗೆದು, ಸೈನಿಕ ಇರುವೆಗಳು ಮುತ್ತಿಕೊಳ್ಳೋ ಹೊತ್ತಿಗೆ ಮುಂದಕ್ಕೆ. ಮೂತಿ ನೆಲಕ್ಕೆ ತಾಗಿಸಿಕೊಂಡು ಹಾವು ಹರಿದ ಹಾಗೆ ಸೊಟ್ಟಸೊಟ್ಟ ನಡೆಯುತ್ತೆ, ರಾತ್ರಿಗೆ ಕೆಲವು ಕಿಲೋಮೀಟರ್. ಕಣ್ಣು ಮಂದ, ಎಲ್ಲಾ ಮೂಗು ಮತ್ತು ಕಿವಿ.

ಮಲ್ನಾಡ್_ಮಳೆ
ಇದೇ ಬುದ್ಧಿವಂತಿಕೆ. ಪೂರ್ತಿ ತಿಂದ್ರೆ ನಾಳೆಗೆ ಏನಿರುತ್ತೆ. ನಮ್ಮೂರಲ್ಲಿ ಜೇನು ಕೀಳೋರು ಹಿಂದೆ ಒಂದು ಎರಿ ಬಿಟ್ಟು ಬರ್ತಿದ್ರು, ಈಗ ಹೊಗೆ ಹಾಕಿ ಗೂಡೇ ಕಿತ್ಕೊಂಡ್ ಬರ್ತಾರೆ.

ಜೀವಶಾಸ್ತ್ರದ_ಮೇಷ್ಟ್ರು
ಅದಕ್ಕೆ ನಾಳೆಯ ಯೋಚನೆ ಅಂತ ಏನಿಲ್ಲ ಮೇಡಂ, ಇರುವೆ ಕಚ್ಚುತ್ತೆ ಅದಕ್ಕೇ ಓಡುತ್ತೆ. ಚರ್ಮ ದಪ್ಪ ಇದ್ರೂ ಮೂಗಿನ ತುದಿ ಮೆತ್ತಗೆ ತಾನೆ. ಪ್ರಾಣಿಗೆ ನಮ್ಮ ಗುಣ ಅಂಟಿಸಬಾರದು.

ಮಲ್ನಾಡ್_ಮಳೆ
ಕಾರಣ ಯಾವ್ದಾದ್ರೂ ಗೂಡು ಉಳೀತಲ್ಲ ಮೇಷ್ಟ್ರೆ. ನಿಮಗೆ ಎಲ್ಲದಕ್ಕೂ ಕೆಂಪು ಪೆನ್ನು.

ಕುಂದಾಪ್ರದ್_ಮಾಣಿ
ಹುತ್ತ ಅಂದಾಗ ನೆನಪಾಯ್ತ್, ನಮ್ಮಲ್ಲಿ ಗೆದ್ದಲು ಹುತ್ತ ಕಟ್ಟತ್ತ್, ಹಾವು ಬಂದ್ ಸೇರ್ಕಂತ್ತ್, ನಾಗರಪಂಚಮಿಗೆ ಹಾಲು ಮಾತ್ರ ಹಾವಿಗೆ. ಕಟ್ಟಿದ ಗೆದ್ದಲಿಗೆ ಒಂದ್ ಹೂವೂ ಇಲ್ಲೆ.

ಎರಡನೇ_ಕಾಫಿ
ಹಾವು ಹಾಲು ಕುಡಿಯಲ್ಲ ಅಂತ ಎಷ್ಟು ಸಲ ಹೇಳೋದು

ಕುಂದಾಪ್ರದ್_ಮಾಣಿ
ನಾನ್ ಕುಡಿತ್ ಅಂದ್ನಾ? ಹಾಕ್ತ್ರ್ ಅಂದದ್ದ್. ಓದೂಕೆ ಬತ್ತಿಲ್ಯಾ?

ತಲೆಹರಟೆ_ತಿಮ್ಮ
ಬಿಸಿ ಬಿಸಿ ಜಗಳ ಬೇಕಾಗಿತ್ತು, ಬಂತು

ನಿರ್ವಾಹಕ
ಹಾವು ಹಾಲು ವಿಷಯಕ್ಕೆ ಈಗಾಗಲೇ ನಾಲ್ಕು ಎಳೆ ಇವೆ, ನಾಲ್ಕೂ ಬೀಗ ಹಾಕಿದೀನಿ. ಇಲ್ಲಿ ಮಣ್ಣುಹಂದಿ.

ಜೋಬರ್ಗ್_ಅಕ್ಕ
ಮಾಣಿ ಹೇಳಿದ್ದು ಕೇಳಿ ರೋಮಾಂಚನ ಆಯ್ತು, ಯಾಕಂದ್ರೆ ಜುಲು ಭಾಷೇಲಿ ಸೇಮ್ ಗಾದೆ ಇದೆ. ಮಣ್ಣುಹಂದಿಗೆ ಅವರು ಇಸಾಂಬಾನೆ ಅಂತಾರೆ. ನಮ್ಮ ಮನೆಗೆ ಬರ್ತಿದ್ದ ಅಜ್ಜಿ, ಮಗನಿಗೆ ಮನೆ ಕಟ್ಟಿಕೊಟ್ಟು ಸೊಸೆ ಜೊತೆ ಆಗದೆ ತಾನು ಬಾಡಿಗೆ ರೂಮಲ್ಲಿದ್ದವಳು, ಒಂದಿನ ಪಾತ್ರೆ ಒರೆಸ್ತಾ ನಂದು ಇಸಾಂಬಾನೆ ಬಾಳು ಅಂದ್ಳು. ಏನದು ಅಂದ್ರೆ, ಗುಂಡಿ ತೋಡೋದು ಅದು, ಮಲಗೋದು ಅದಲ್ಲ. ಆ ಪ್ರಾಣಿ ಬಗ್ಗೆ ನಾನು ಮೊದಲ ಸಲ ಕೇಳಿದ್ದೇ ಅವಳ ಬಾಯಲ್ಲಿ.

ನಿಜವಾಗ್ಲೂ ಹಾಗೇ. ತಿಂಡಿಗೆ ಅಗೆದ ಗುಂಡಿ, ಒಂದೆರಡು ದಿನದ ಬಿಡಾರಕ್ಕೆ ಅಗೆದದ್ದು, ಮರಿ ಹಾಕೋಕೆ ಅಗೆದ ದೊಡ್ಡ ಬಿಲ, ಎಲ್ಲಾ ಬಿಟ್ಟು ಬಿಟ್ಟು ಹೋಗ್ತಾ ಇರುತ್ತೆ. ಆಮೇಲೆ ಅಲ್ಲಿ ವಾರ್ಟ್‌ಹಾಗ್, ಮುಳ್ಳುಹಂದಿ, ಹೆಬ್ಬಾವು, ಬಾವಲಿ, ಕಾಡುನಾಯಿ, ಕತ್ತೆಕಿರುಬ ಯಾರ್ ಬೇಕಾದ್ರೂ. ಹಕ್ಕಿಗಳೂ! ಬ್ಲೂ ಸ್ವಾಲೋ ಅಂತ ಅಪರೂಪದ ನೀಲಿ ಕವಲುತೋಕೆ ಹಕ್ಕಿ ಇಲ್ಲಿನ ಹುಲ್ಲುಗಾವಲಲ್ಲಿ ಇವುಗಳ ಹಳೇ ಬಿಲದ ಸೂರಿಗೆ ಮಣ್ಣು ಮೆತ್ತಿ ಗೂಡು ಕಟ್ಟುತ್ತೆ. ಮಣ್ಣುಹಂದಿ ಹೋಯ್ತು ಅಂದ್ರೆ ಇವೆಲ್ಲಾ ಮನೆ ಇಲ್ಲದವು.

ಹೊಸಪೇಟೆ_ಹುಡ್ಗ
ಅಕ್ಕಾರ ಕಣ್ಣಾಗ ನೀರ್ ತರಿಸಿದ್ರಿ, ಆ ಅಜ್ಜಿ ಕತಿಗೆ

ಎರಡನೇ_ಕಾಫಿ
ಭಾವನೆ ಎಲ್ಲಾ ಸರಿ, ಆದ್ರೆ ಪಕ್ಕದ ಕುರಿ ಫಾರ್ಮಿನವನ ಕಡೆಯಿಂದ ಯಾರೂ ಮಾತಾಡ್ತಿಲ್ಲ. ಬೇಲಿ ಕೆಳಗೆ ತೂತಾದ್ರೆ ನರಿ ನುಗ್ಗುತ್ತೆ, ಕುರಿಮರಿ ಹೊತ್ಕೊಂಡು ಹೋಗುತ್ತೆ. ಅವನು ಬೇಲಿಗೆ ಲಕ್ಷಾಂತರ ಸುರಿದಿರ್ತಾನೆ. ನಮ್ಮಪ್ಪ ಕಬ್ಬಿನ ಗದ್ದೆಗೆ ಹಂದಿ ನುಗ್ಗಿದಾಗ ರಾತ್ರಿ ಡಬ್ಬ ಬಡಿತಾ ಕೂತಿದ್ದವರು, ಅವರಿಗೆ ಹೋಗಿ ಹಂದಿ ಪರಿಸರಕ್ಕೆ ಒಳ್ಳೇದು ಅನ್ನಿ ನೋಡೋಣ. ಎಸಿ ರೂಮಲ್ಲಿ ಕೂತು ಪ್ರಾಣಿ ಪ್ರೀತಿ ಸುಲಭ.

ವಿಂಡ್‌ಹುಕ್_ವಾಸಿ
ಕಾಫಿ ಅವರ ಮಾತು ತಳ್ಳಿಹಾಕೋ ಹಾಗಿಲ್ಲ. ಇಲ್ಲಿ ಎಷ್ಟೋ ರೈತರು ಇದೇ ಸಿಟ್ಟಿಗೆ ಮಣ್ಣುಹಂದಿ ಹೊಡೆದು ಹಾಕ್ತಾರೆ. ಬೇಲಿ ಮಾತ್ರ ಅಲ್ಲ, ಮಣ್ಣಿನ ಕೆರೆ ಏರಿಗೂ ತೂತು ಹಾಕುತ್ತೆ.

ಆದ್ರೆ ಉಪಾಯ ಇದೆ. ತೂತು ಮುಚ್ಚಿದ್ರೆ ಪಕ್ಕದಲ್ಲಿ ಇನ್ನೊಂದು ತೋಡುತ್ತೆ, ಅದಕ್ಕೆ ಮಣ್ಣು ಅಂದ್ರೆ ನಮಗೆ ಬಾಗಿಲ ಪರದೆ ಇದ್ದ ಹಾಗೆ, ಕಾಂಕ್ರೀಟಿನ ಪಕ್ಕದ ಮಣ್ಣು ಇನ್ನೂ ಸುಲಭ. ಅದು ಓಡಾಡೋ ಜಾಗದಲ್ಲೇ ಬೇಲಿಗೆ ತೂಗುಬಾಗಿಲು ಕೂರಿಸ್ತಾರೆ, ಗಟ್ಟಿ ಕಬ್ಬಿಣದ ಚೌಕಟ್ಟು, ಮೇಲಿಂದ ನೇತಾಡೋ ಜಾಲರಿ. ಮಣ್ಣುಹಂದಿ, ಮುಳ್ಳುಹಂದಿ ತಳ್ಳಿಕೊಂಡು ಹೋಗೋದು ಬೇಗ ಕಲೀತವೆ, ನರಿ ಬಹಳ ಅನುಮಾನದ ಪ್ರಾಣಿ, ತೂಗಾಡೋದನ್ನ ಮುಟ್ಟೋಕೆ ಹಿಂಜರಿಯುತ್ತೆ. ನೂರಕ್ಕೆ ನೂರು ತಡೆಯುತ್ತೆ ಅಂತ ನಾನು ಹೇಳಲ್ಲ. ಕುರಿ ಇಲ್ಲದ, ಜಿಂಕೆ ಸಾಕೋ ಫಾರ್ಮಲ್ಲಿ ಹಳೇ ಕಾರ್ ಟೈರ್ ಬೇಲಿ ಬುಡಕ್ಕೆ ಕಟ್ಟಿ ದಾರಿ ಮಾಡಿಕೊಟ್ಟು ನೋಡಿದಾರೆ, ಖರ್ಚೇ ಇಲ್ಲ.

ಇನ್ನೊಂದು, ಯಾವ ಕಾರಣಕ್ಕೂ ಬೇಲಿ ಬುಡಕ್ಕೆ ಕರೆಂಟ್ ತಂತಿ ಎಳೆಯೋಕೆ ಬಿಡಬೇಡಿ. ಚಿಪ್ಪುಹಂದಿ ತಾಗಿದ ತಕ್ಷಣ ಹೆದರಿ ಉಂಡೆ ಸುತ್ಕೊಳ್ಳುತ್ತೆ, ತಂತಿ ಒಳಗೇ ಸಿಕ್ಕಿಕೊಳ್ಳುತ್ತೆ, ಶಾಕ್ ಮೇಲೆ ಶಾಕ್, ಸತ್ತೇ ಹೋಗುತ್ತೆ. ನಾನೇ ಎರಡು ಬಿಡಿಸಿದೀನಿ, ಎರಡೂ ಉಳೀಲಿಲ್ಲ.

ಎರಡನೇ_ಕಾಫಿ
ತೂಗುಬಾಗಿಲು ಐಡಿಯಾ ಒಪ್ಕೊಂಡೆ. ನಮ್ಮ ಕಬ್ಬಿನ ಗದ್ದೆಗೆ ಮಾತ್ರ ಹೇಳಬೇಡಿ.

ಗದಗಿನ್_ಗಾಳಿ
ತೂಗುಬಾಗ್ಲದ ಐಡಿಯಾ ಆಫೀಸರಮ್ಮಗ ಹೇಳಿದೆ, ಆಕಿಗೆ ಮೊದ್ಲ ಗೊತ್ತಿತ್ತು, ಮೂರು ಕೂರಿಸೂಣು ಅಂದ್ಳು. ಕುರಿ ಫಾರ್ಮಿನ ಮುದುಕ ಸೈತ ಬಂದಿದ್ದ. ನಾ ಬೈತಾನ ಅಂತ ಹೆದರಿದ್ದೆ, ಅವ ಒಂದ್ ಬ್ಯಾರೇನ ಮಾತ್ ಹೇಳಿದ. ದೊಡ್ಡ ಬರ ಬಿದ್ದಾಗ ಇವು ಹಾಡಹಗಲ ಮೂರ್ ಗಂಟೆಕ್ಕ ಬಿಸಲಾಗ ತೂರಾಡಿಕೋತ ನಡೀತಿದ್ದೂವಂತ, ಎಲುವು ಕಾಣತಿದ್ದೂವಂತ, ನಾಯಿ ಬೊಗಳಿದ್ರೂ ತಿರುಗಿ ನೋಡ್ತಿರಲಿಲ್ಲಂತ. ಆವತ್ತಿನಿಂದ ಬಂದೂಕ ಮುಟ್ಟಿಲ್ಲ ಅಂದ. ರಾತ್ರಿ ಪ್ರಾಣಿ ಹಗಲ ಯಾಕ ಬರತೈತ್ರಿ ಮೇಷ್ಟ್ರ?

ಜೀವಶಾಸ್ತ್ರದ_ಮೇಷ್ಟ್ರು
ನಿಮ್ಮ ಪ್ರಾಂತ್ಯದಲ್ಲೇ ಇದಕ್ಕೆ ಉತ್ತರ ಸಿಕ್ಕಿರೋದು. ಟ್ಸ್ವಾಲು ಅಂತ ಕಲಹಾರಿಯ ಖಾಸಗಿ ಅಭಯಾರಣ್ಯ, ಅಲ್ಲಿ ಜೋಹಾನ್ಸ್‌ಬರ್ಗಿನ ವಿಟ್ಸ್ ವಿಶ್ವವಿದ್ಯಾಲಯದವರು ಮಣ್ಣುಹಂದಿಗಳ ಮೈಯೊಳಗೆ ಸಣ್ಣ ಥರ್ಮಾಮೀಟರ್ ಇಟ್ಟು ಗಮನಿಸ್ತಿದ್ರು. ಅದೇ ಹೊತ್ತಿಗೆ 2012-13ರ ಬೇಸಿಗೆಯಲ್ಲಿ ಬರ ಬಂತು. (ಅವರ ಬೇಸಿಗೆ ನಮ್ಮ ಚಳಿಗಾಲ, ಡಿಸೆಂಬರ್ ಜನವರಿ.) ಮಳೆ ಇಲ್ಲ, ಹುಲ್ಲಿಲ್ಲ, ಹುಲ್ಲಿಲ್ಲದೆ ಗೆದ್ದಲೂ ಇರುವೆಯೂ ಇಲ್ಲ. ಹಸಿವಲ್ಲಿ ಮೈಯನ್ನ ಬೆಚ್ಚಗಿಡೋಕೂ ಶಕ್ತಿ ಸಾಲದೆ ದೇಹದ ಶಾಖ ರಾತ್ರಿ ಹೊತ್ತು 25 ಡಿಗ್ರಿವರೆಗೂ ಕುಸೀತು. ಆಗ ಅವು ಚಳಿ ರಾತ್ರಿ ಬಿಟ್ಟು ಹಗಲು ಬಿಸಿಲಿಗೆ ಬರೋಕೆ ಶುರು ಮಾಡಿದ್ವು, ಬಿಸಿಲು ಕಾಯಿಸಿದಷ್ಟು ಶಕ್ತಿ ಉಳೀತು ಅಂತ. ಆದ್ರೂ ಗಮನಿಸ್ತಿದ್ದವುಗಳಲ್ಲಿ ಒಂದು ಬಿಟ್ಟು ಉಳಿದೆಲ್ಲ ಸತ್ತವು.

ಬಿಸಿ ನೇರ ಕೊಲ್ಲಲಿಲ್ಲ, ಹಸಿವು ಕೊಂದಿತು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಈ ಪ್ರಾಣಿಗೆ ಅಳಿವಿನ ಆತಂಕ ಇಲ್ಲ ಅಂತಾನೇ ಇದೆ, ಆದ್ರೆ ಒಣ ಪ್ರದೇಶಕ್ಕೆ ಇನ್ನೂ ಬರ ಜಾಸ್ತಿ ಆದ್ರೆ ಮೊದಲ ಏಟು ಇದಕ್ಕೇ.

ಮಲ್ನಾಡ್_ಮಳೆ
ಮುದುಕಪ್ಪ ಕಣ್ಣಲ್ಲಿ ನೋಡಿದ್ದೂ ಥರ್ಮಾಮೀಟರ್ ಹೇಳಿದ್ದೂ ಒಂದೇ ಆಯ್ತು ನೋಡಿ.

ನೀರು ಎಲ್ಲಿ ಕುಡಿಯುತ್ತೆ ಅಲ್ಲಿ, ಆ ಮರಳುಗಾಡಲ್ಲಿ?

ಜೋಬರ್ಗ್_ಅಕ್ಕ
ಮುಖ್ಯವಾಗಿ ಇರುವೆಯಲ್ಲೇ ನೀರಿನಂಶ. ಆದ್ರೆ ಇನ್ನೊಂದಿದೆ ನಂಬಲ್ಲ ನೀವು, ಸೌತೆಕಾಯಿ! ಆಫ್ರಿಕಾದ ಕೆಲವು ಕಡೆ ಒಂದು ಕಾಡು ಸೌತೆ ಬಳ್ಳಿ, ಮೇಲೆ ಹೂ ಬಿಟ್ಟು, ಕಾಯಿ ಮಾತ್ರ ನಮ್ಮ ಕಡ್ಲೆಕಾಯಿ ತರ ನೆಲದ ಒಳಗೆ ತಳ್ಳುತ್ತೆ. ಇರುವೆ, ಗೆದ್ದಲು ಬಿಟ್ರೆ ಮಣ್ಣುಹಂದಿ ಇಷ್ಟಪಟ್ಟು ತಿನ್ನೋದು ಅದೊಂದನ್ನೇ, ವಾಸನೆ ಹಿಡಿದು ಅಗೆದು ತಿನ್ನುತ್ತೆ. ಮತ್ತೆ ಇದು ಬೆಕ್ಕಿನ ತರ ಗುಂಡಿ ಮಾಡಿ ಹೇತು ಮಣ್ಣು ಮುಚ್ಚೋ ಪ್ರಾಣಿ. ಬೀಜ, ಗೊಬ್ಬರ, ಮಣ್ಣು ಮೂರೂ ಒಂದೇ ಕಡೆ. ಆ ಬಳ್ಳಿಗೆ ಬಿತ್ತನೆ ಮಾಡೋನು ಇವನೊಬ್ಬನೇ.

ಹೊಸಪೇಟೆ_ಹುಡ್ಗ
ಬೀಜೋಪಚಾರ ಮಾಡಿ ಗೊಬ್ಬರ ಹಾಕಿ ಬಿತ್ತತೈತಿ ಅಂದ್ರ ಕೃಷಿ ಇಲಾಖೆ ಸಬ್ಸಿಡಿ ಕೊಡಬೇಕು

ತಲೆಹರಟೆ_ತಿಮ್ಮ
ಕೋಸಂಬರಿ ಮಾಡೋಕಾಗುತ್ತಾ ಅದ್ರಲ್ಲಿ?

ಜೋಬರ್ಗ್_ಅಕ್ಕ
ತಿಮ್ಮ ನಿನ್ನ ಬಿಟ್ಟು ಇನ್ನ್ಯಾರಿಗೂ ಈ ಪ್ರಶ್ನೆ ಬರೋಕೆ ಸಾಧ್ಯ ಇಲ್ಲ.

ಕುಂದಾಪ್ರದ್_ಮಾಣಿ
ಮರಿ ಎಷ್ಟ್ ಹಾಕತ್ತ್?

ಜೀವಶಾಸ್ತ್ರದ_ಮೇಷ್ಟ್ರು
ಏಳು ತಿಂಗಳು ಹೊತ್ತು ಒಂದೇ ಮರಿ. ಹುಟ್ಟುವಾಗ ಎರಡು ಕೆಜಿ ಆಸುಪಾಸು, ಮೈಯೆಲ್ಲ ಸುಕ್ಕು, ಕಿವಿ ಜೋತುಬಿದ್ದು, ಅಜ್ಜನ ಹಾಗೆ ಹುಟ್ಟುತ್ತೆ.

ಗದಗಿನ್_ಗಾಳಿ
ಅಪ್‌ಡೇಟು. ತೂಗುಬಾಗ್ಲ ಒಂದ್ ಕೂರಿಸೇವಿ, ಇನ್ನೆರಡು ಬರಾಕತ್ತಾವ. ಒಳರಸ್ತಾದ ಮ್ಯಾಲಿನ ಗುಂಡಿಗಳಿಗೆ ಬಾಯಾಗ ಕಡ್ಡಿ ನಿಲ್ಲಿಸಿ ಐದ್ ರಾತ್ರಿ ಕಾದು, ಕಡ್ಡಿ ಬಿದ್ದಿಲ್ಲ ಅಂದ್ರ ಮಾತ್ರ ಮಣ್ಣಿಲೆ ಮುಚ್ಚಬೇಕು ಅಂತ ಆರ್ಡರ್ ಆಗೈತಿ. ಬೇಲಿ ಆಚೆ ಕಡೆ ದೊಡ್ಡ ಬಿಲ ಹಂಗ ಬಿಡೂದು.

ಸ್ಟೋರಿನ್ಯಾಗ ಧೂಳ ಹಿಡಕೊಂಡಿದ್ದ ಒಂದ್ ಟ್ರ್ಯಾಪ್ ಕ್ಯಾಮೆರಾ ಸಿಕ್ಕಿತು, ಆ ಬಿಲದ ಮುಂದ ಕಟ್ಟಿದೆ. ಮೊದಲ್ನೇ ರಾತ್ರಿ ಮುಳ್ಳುಹಂದಿ ಗಂಡ ಹೆಂಡತಿ. ಎರಡನೇ ದಿನ ಮುಂಜಾನೆ ಒಂದ್ ಕಂದು ಹಕ್ಕಿ ಒಳಗ ಹೊರಗ ಒಳಗ ಹೊರಗ. ಮೂರನೇ ರಾತ್ರಿ ನಮ್ ಸೆಕ್ಯೂರಿಟಿ ಹುಡುಗ, ಬೀಡಿ ಸೇದಾಕ. ನಾಕನೇ ರಾತ್ರಿ 2:17ಕ್ಕ ಒಂದ ಒಂದ್ ಫೋಟೋ: ದಪ್ಪ ಬಾಲ, ಧೂಳು, ಅಷ್ಟ. ಮಾರಿ ಅಷ್ಟರಾಗ ಒಳಗ ಹೋಗಿತ್ತು.

ಎರಡನೇ_ಕಾಫಿ
ಫೋಟೋ ಹಾಕ್ರಿ!!

ಜೋಬರ್ಗ್_ಅಕ್ಕ
ಬಾಲ ಆದ್ರೂ ಪರವಾಗಿಲ್ಲ ಹಾಕಿ. ಆ ಕಂದು ಹಕ್ಕಿ ಆಂಟ್‌ಈಟಿಂಗ್ ಚಾಟ್ ಇರಬಹುದು, ಅದೂ ಇವುಗಳ ಬಿಲದ ಗೋಡೇಲೇ ಗೂಡು ಮಾಡೋದು.

ಗದಗಿನ್_ಗಾಳಿ
ಸೈಟಿನ್ಯಾಗ ನೆಟ್ ಸ್ಲೋ ಐತ್ರಿ, ಶನಿವಾರ ಅಪಿಂಗ್ಟನ್‌ಗೆ ಹೋದಾಗ ಹಾಕತೀನಿ. ಮ್ಯಾನೇಜರ್ ಆ ಬಾಲದ ಫೋಟೋ ಪ್ರಿಂಟ್ ಹೊಡಿಸಿ ತನ್ನ ಕ್ಯಾಬಿನ್ ಗ್ವಾಡಿಗೆ ಹಚ್ಯಾನ, ಬಂದವರಿಗೆಲ್ಲಾ ತಾನ ತಗದದ್ದು ಅಂತ ಹೇಳಾಕತ್ತಾನ.

ತಲೆಹರಟೆ_ತಿಮ್ಮ
ತೋಡಿದವರು ಒಬ್ರು, ಮಲಗಿದವರು ಇನ್ನೊಬ್ರು